ಜಾಫ್ನಾ ದಿಗ್ಬಂಧನ: ಬ್ಯಾಟರಿ ಸೆಲ್ಲು, ಸೀಮೆಎಣ್ಣೆ, ತಲೆ ಲೆಕ್ಕ

ನಾನು ಸಾತನೂರಿಂದ ಮಾತಾಡ್ತಾ ಇದೀನಿ. ಇವತ್ತಿನ ವಿಚಾರ ಒಸಿ ದೂರದ್ದು, ಸಮುದ್ರದ ಆಚೆಯದ್ದು. ಆದ್ರೆ ನಮ್ಮೂರ ರಸ್ತೆಯಿಂದ್ಲೇ ಶುರು ಮಾಡ್ತೀನಿ.

ಬೆಂಗಳೂರಿಂದ ಕನಕಪುರ, ಅಲ್ಲಿಂದ ಸಾತನೂರು, ಆಮೇಲೆ ಹಲಗೂರು, ಹಲಗೂರಲ್ಲಿ ತಿರುಗಿದ್ರೆ ಮುತ್ತತ್ತಿ. ಭಾನುವಾರ ಬಂತೂಂದ್ರೆ ನಮ್ಮೂರ ಮುಂದೆ ಬೈಕುಗಳ ಸಾಲೋ ಸಾಲು. ಮುತ್ತತ್ತಿರಾಯನಿಗೆ ಒಂದು ಕೈ ಮುಗಿದು, ಹೊಳೆ ನೋಡಿ, ಒಂದೆರಡು ರೀಲ್ಸ್ ಮಾಡ್ಕೊಂಡು ವಾಪಸ್ ಹೋಗೋರು. ಅವರಲ್ಲಿ ಎಷ್ಟು ಜನಕ್ಕೆ ಗೊತ್ತು, 1991ರ ಆಗಸ್ಟ್‌ನಲ್ಲಿ ಇದೇ ಮುತ್ತತ್ತಿ ಹೆಸರು ದೇಶದ ಎಲ್ಲಾ ಪೇಪರ್‌ಗಳಲ್ಲೂ ಬಂದಿತ್ತು ಅಂತ?

ಆ ವರ್ಷ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ ಆಯ್ತು. ಮಾಡಿದ್ದು ಎಲ್‌ಟಿಟಿಇ. ತನಿಖಾ ದಳದವರು ಹುಡುಕ್ತಾ ಹುಡುಕ್ತಾ ನಮ್ಮ ಸೀಮೆಗೆ ಬಂದ್ರು. ಮುತ್ತತ್ತಿ ಮತ್ತು ಬಿರೂಟ ಅನ್ನೋ ಊರುಗಳಲ್ಲಿ ಮನೆ ಹಿಡಿದುಕೊಂಡಿದ್ದ ಎಲ್‌ಟಿಟಿಇ ಹುಡುಗರು ಪೊಲೀಸರನ್ನ ಕಂಡ ಕೂಡಲೇ ಸಯನೈಡ್ ನುಂಗಿದ್ರು. ಅದೇ ವಾರ ಬೆಂಗಳೂರಿನ ಕೋಣನಕುಂಟೆಯ ಮನೇಲಿ ಶಿವರಾಸನ್ ಮತ್ತು ಅವನ ಜೊತೆಗಿದ್ದವರು ಹೆಣವಾಗಿ ಸಿಕ್ಕಿದ್ರು. ನಮ್ಮ ಕಡೆ ವಯಸ್ಸಾದವರಿಗೆ ಶ್ರೀಲಂಕಾ ಯುದ್ಧ ಅಂದ್ರೆ ಇಷ್ಟೇ: ಮುತ್ತತ್ತಿ, ಸಯನೈಡ್, ಪೊಲೀಸ್ ಜೀಪು. ಕತೆ ಅಲ್ಲಿಗೆ ಮುಗಿದೋಯ್ತದೆ.

ನನಗೆ ಯಾವಾಗ್ಲೂ ಕಾಡೋದು ಇನ್ನೊಂದು ಪ್ರಶ್ನೆ. ಬಂದೂಕು ಹಿಡಿದ ಹುಡುಗರು ಹೇಗೋ ಸಮುದ್ರ ದಾಟಿ ಇಲ್ಲೀವರೆಗೆ ಬಂದ್ರು. ಆದ್ರೆ ಬಂದೂಕು ಹಿಡಿಯದ ಲಕ್ಷಾಂತರ ಜನ ಅಲ್ಲೇ ಉಳಿದಿದ್ರಲ್ಲಾ, ಅವರು ಆ ವರ್ಷಗಳಲ್ಲಿ ದೀಪ ಹೇಗೆ ಹಚ್ಚುತ್ತಿದ್ರು, ಏನು ತಿಂತಾ ಇದ್ರು? ಅದರ ಹೆಸರೇ ದಿಗ್ಬಂಧನ. ಇವತ್ತು ಅದು ಹೇಗೆ ಕೆಲಸ ಮಾಡ್ತದೆ ಅಂತ ಹೇಳ್ತೀನಿ.

ಮೊದಲು ಜಾಗ ತಿಳ್ಕೊಳ್ಳಿ. ಫೋನಲ್ಲಿ ಮ್ಯಾಪ್ ತೆಗೆದು ನೋಡಿದ್ರೆ ಇನ್ನೂ ಒಳ್ಳೇದು. ಶ್ರೀಲಂಕಾದ ನೆತ್ತಿ ಮೇಲೆ, ತಮಿಳುನಾಡಿಗೆ ಹತ್ತಿರವಾಗಿ ಚಾಚಿಕೊಂಡಿರೋದೇ ಜಾಫ್ನಾ ಪರ್ಯಾಯದ್ವೀಪ. ತಮಿಳಿನಲ್ಲಿ ಯಾಳ್ಪಾಣಂ. ಸುತ್ತ ನೀರು. ದ್ವೀಪದ ಉಳಿದ ಭಾಗಕ್ಕೆ ಅದನ್ನ ಜೋಡಿಸೋದು ಒಂದು ಸಣ್ಣ ಕುತ್ತಿಗೆ, ಅದರ ಹೆಸರು ಎಲಿಫೆಂಟ್ ಪಾಸ್, ತಮಿಳಲ್ಲಿ ಆನೆಯಿರವು. ಕ್ಯಾಂಡಿಯಿಂದ ಜಾಫ್ನಾಕ್ಕೆ ಸುಮಾರು 320 ಕಿ.ಮೀ. ಉದ್ದದ ಎ-9 ಹೆದ್ದಾರಿ ಅದೇ ಕುತ್ತಿಗೆ ಮೇಲೆ ಹೋಗ್ತದೆ. ಆ ಕುತ್ತಿಗೆ ಹಿಸುಕಿದ್ರೆ ಊಟ, ಔಷಧಿ, ಎಣ್ಣೆ, ಕಾಗದ ಎಲ್ಲಾನೂ ನಿಂತೋಯ್ತದೆ.

ಅಲ್ಲಿರೋರು ಶತಮಾನಗಳಿಂದ ಅಲ್ಲೇ ಬಾಳಿದ ಶ್ರೀಲಂಕಾ ತಮಿಳರು. ಇವರು ಬೇರೆ, ಬ್ರಿಟಿಷರ ಕಾಲದಲ್ಲಿ ಟೀ ತೋಟಕ್ಕೆ ಕೂಲಿಗೆ ಹೋದ ತಮಿಳರು ಬೇರೆ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಪ್ರಕಾರ ಭಾರತಕ್ಕೆ ವಾಪಸ್ ಬಂದೋರು ಎರಡನೇ ಗುಂಪಿನವರು. ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಇವತ್ತಿಗೂ ಅವರ ಮಕ್ಕಳು ಮೊಮ್ಮಕ್ಕಳು ಅವ್ರೆ. ಎರಡನ್ನೂ ಒಂದೇ ಅಂತ ಕಲಸಬೇಡಿ, ನಮ್ಮ ಟಿವಿಯವರೂ ಎಷ್ಟೋ ಸಲ ಕಲಸ್ತಾರೆ.

ಯುದ್ಧಕ್ಕೆ ಕಾರಣ ದೊಡ್ಡದು, ಇಲ್ಲಿ ನಾಲ್ಕೇ ಮಾತು. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಅಂತ ಕಾನೂನು ಬಂತು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯ ಸುಟ್ಟುಹೋಯ್ತು, ಸುಮಾರು 97,000 ಪುಸ್ತಕ ಬೂದಿ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ಭಾರೀ ಹಿಂಸಾಚಾರ. ಅಲ್ಲಿಂದ 2009ರವರೆಗೆ ಅಂತರ್ಯುದ್ಧ.

ಈ ಯುದ್ಧದಲ್ಲಿ ದಿಗ್ಬಂಧನ ಮೊದಲ ಸಲ ದೊಡ್ಡ ಸುದ್ದಿಯಾಗಿದ್ದು 1987ರಲ್ಲಿ. ಜಾಫ್ನಾದ ಆಡಳಿತ ನಾವೇ ನಡೆಸ್ತೀವಿ ಅಂತ ಎಲ್‌ಟಿಟಿಇ ಹೊರಟಿತ್ತು. ಅದಕ್ಕೆ ಉತ್ತರವಾಗಿ ಆ ವರ್ಷದ ಜನವರಿಯಲ್ಲಿ ಜೆ.ಆರ್. ಜಯವರ್ಧನೆ ಸರ್ಕಾರ ಜಾಫ್ನಾಕ್ಕೆ ಇಂಧನ ಹೋಗೋದನ್ನ ನಿಲ್ಲಿಸ್ತು. ಮೇ 26ಕ್ಕೆ ವಡಮರಾಚ್ಚಿ ಪ್ರದೇಶದ ಮೇಲೆ ಸೇನೆ ನುಗ್ಗಿತು. ತಮಿಳುನಾಡು ಕುದಿಯೋಕೆ ಶುರುವಾಯ್ತು. ದೆಹಲಿ ಸುಮ್ಮನಿರೋಕೆ ಆಗಲಿಲ್ಲ. ಜೂನ್ 3ರಂದು 19 ಮೀನುಗಾರಿಕೆ ದೋಣಿಗಳಲ್ಲಿ ಅಕ್ಕಿ, ಬೇಳೆ, ಔಷಧಿ ತುಂಬಿ ಕಳಿಸಿದ್ರು. ಶ್ರೀಲಂಕಾ ನೌಕಾಪಡೆ ನಡುನೀರಲ್ಲಿ ತಡೆದು ವಾಪಸ್ ಕಳಿಸ್ತು.

ಮಾರನೇ ದಿನ, ಜೂನ್ 4, ನಮ್ಮ ಬೆಂಗಳೂರು ಈ ಕತೆಯೊಳಕ್ಕೆ ಬತ್ತದೆ. ಬೆಂಗಳೂರಿಂದ ಐದು ಎಎನ್-32 ಸಾಗಣೆ ವಿಮಾನಗಳು ಹಾರಿದ್ವು. ಕಾವಲಿಗೆ ಮಿರಾಜ್-2000 ಯುದ್ಧ ವಿಮಾನಗಳು. ಹೊಟ್ಟೆಯೊಳಗೆ ಸುಮಾರು 25 ಟನ್ ಆಹಾರ ಸಾಮಗ್ರಿ, ಜೊತೆಗೆ ಪತ್ರಕರ್ತರೂ ಇದ್ರು. ದೆಹಲಿಯಲ್ಲಿ ವಿದೇಶಾಂಗ ರಾಜ್ಯ ಸಚಿವ ನಟವರ್ ಸಿಂಗ್ ಅವರು ಶ್ರೀಲಂಕಾದ ಹೈಕಮಿಷನರ್‌ನ ಕರೆಸಿ, ಇನ್ನೊಂದು ಗಂಟೆಗೆ ನಮ್ಮ ವಿಮಾನ ಜಾಫ್ನಾ ಮೇಲೆ ಬತ್ತದೆ, ತಡೆದ್ರೆ ನಾವು ಸುಮ್ಮನಿರಲ್ಲ ಅನ್ನೋ ಅರ್ಥದ ಸಂದೇಶ ಕೊಟ್ರು. ಪ್ಯಾರಾಚೂಟ್ ಕಟ್ಟಿದ ಮೂಟೆಗಳು ಜಾಫ್ನಾದ ಮೇಲೆ ಇಳಿದ್ವು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಪೂಮಾಲೈ, ಹೂವಿನ ಮಾಲೆ ಅಂತ.

ಇದನ್ನ ಕೇಳಿದ್ರೆ ಎದೆ ಉಬ್ಬಬಹುದು. ಆದ್ರೆ ಒಸಿ ಲೆಕ್ಕ ಹಾಕಿ. 25 ಟನ್ ಅಂದ್ರೆ 25,000 ಕೆ.ಜಿ. ಜಾಫ್ನಾದಲ್ಲಿದ್ದದ್ದು ಲಕ್ಷಗಟ್ಟಲೆ ಜನ. ತಲೆಗೆ ಒಂದು ಹಿಡಿ ಅಕ್ಕಿ ಸಿಕ್ಕಿದ್ರೆ ಹೆಚ್ಚು. ಅದು ಊಟಕ್ಕಿಂತ ಹೆಚ್ಚಾಗಿ ಒಂದು ದೇಶ ಇನ್ನೊಂದು ದೇಶಕ್ಕೆ ಆಕಾಶದಿಂದ ಬರೆದ ಕಾಗದ. ಕಾಗದ ತಲುಪಿತು ಅನ್ನೋದೂ ನಿಜ. ಸೇನಾ ಕಾರ್ಯಾಚರಣೆ ನಿಂತು, ಜುಲೈ 29ಕ್ಕೆ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದ್ರು. ನಮ್ಮ ಶಾಂತಿಪಾಲನಾ ಪಡೆ ಜಾಫ್ನಾಕ್ಕೆ ಹೋಯ್ತು. ಮೂರೇ ತಿಂಗಳಲ್ಲಿ, ಅದೇ ಅಕ್ಟೋಬರ್‌ನಲ್ಲಿ, ಹೂಮಾಲೆ ಹಾಕಿದ ಊರಿನಲ್ಲೇ ನಮ್ಮ ಸೈನ್ಯ ಎಲ್‌ಟಿಟಿಇ ಮೇಲೆ ಯುದ್ಧಕ್ಕೆ ಇಳೀತು. ಜಾಫ್ನಾ ಆಸ್ಪತ್ರೆಯೊಳಗೆ ರೋಗಿಗಳು, ಡಾಕ್ಟರು, ನರ್ಸುಗಳು ನಮ್ಮ ಸೈನಿಕರ ಗುಂಡಿಗೆ ಸತ್ತರು. 1990ರ ಮಾರ್ಚ್‌ನಲ್ಲಿ ನಮ್ಮವರು ವಾಪಸ್ ಬರೋ ಹೊತ್ತಿಗೆ ಸುಮಾರು 1,200 ಭಾರತೀಯ ಸೈನಿಕರೂ ಪ್ರಾಣ ಕಳ್ಕೊಂಡಿದ್ರು. ಇದೇ ಒಂದು ದೊಡ್ಡ ಕತೆ, ಇನ್ನೊಂದು ದಿನ ಹೇಳಾನ.

ಈಗ ಮುಖ್ಯ ಭಾಗಕ್ಕೆ ಬರ್ತೀನಿ. 1990ರ ಜೂನ್‌ನಲ್ಲಿ ಸರ್ಕಾರಕ್ಕೂ ಎಲ್‌ಟಿಟಿಇಗೂ ಮತ್ತೆ ಯುದ್ಧ ಶುರುವಾಯ್ತು. ಜಾಫ್ನಾ ಎಲ್‌ಟಿಟಿಇ ಕೈಯಲ್ಲಿತ್ತು. ಸರ್ಕಾರ ವಿದ್ಯುತ್ ಕತ್ತರಿಸ್ತು. ಫೋನ್ ಹೋಯ್ತು. ಆಮೇಲೆ ಬಂತು ಪಟ್ಟಿ.

ದಿಗ್ಬಂಧನ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಶ್ರೀರಂಗಪಟ್ಟಣದ ಕೋಟೆ, ಸುತ್ತ ಸೈನ್ಯ, ಫಿರಂಗಿ. ಈ ಕಾಲದ ದಿಗ್ಬಂಧನ ಹಾಗಿರಲ್ಲ. ಅದು ಒಂದು ಕಾಗದ. ಯಾವ ಸಾಮಾನು ಒಳಗೆ ಹೋಗಬಾರದು ಅಂತ ಬರೆದ ಪಟ್ಟಿ. ಚೆಕ್‌ಪೋಸ್ಟ್‌ನಲ್ಲಿ ನಿಂತ ಸಿಪಾಯಿ ಕೈಯಲ್ಲಿ ಅದು ಇರ್ತದೆ. ಅದರಲ್ಲಿ ಪೆಟ್ರೋಲ್, ಡೀಸೆಲ್ ಇತ್ತು. ಸಿಮೆಂಟ್ ಇತ್ತು. ರಸಗೊಬ್ಬರ ಇತ್ತು. ಟಾರ್ಚ್‌ಗೆ ಹಾಕೋ ಬ್ಯಾಟರಿ ಸೆಲ್ಲು ಇತ್ತು. ಸೋಪು ಇತ್ತು. ಕೆಲವು ಔಷಧಿಗಳೂ ಇದ್ವು.

ಪಟ್ಟಿ ಬರೆದವನ ತಲೆಯೊಳಗೆ ಒಂದು ತರ್ಕ ಇರ್ತದೆ, ಅದನ್ನ ಅರ್ಥ ಮಾಡ್ಕೊಳ್ಳದೆ ಬೈದ್ರೆ ಪ್ರಯೋಜನ ಇಲ್ಲ. ಬ್ಯಾಟರಿ ಸೆಲ್ಲಿಂದ ನೆಲಬಾಂಬ್ ಸಿಡಿಸಬಹುದು. ಯೂರಿಯಾದಿಂದ ಸ್ಫೋಟಕ ಮಾಡಬಹುದು. ಸಿಮೆಂಟಿಂದ ಬಂಕರ್ ಕಟ್ಟಬಹುದು. ಡೀಸೆಲ್ಲಿಂದ ದೋಣಿ ಓಡಿಸಬಹುದು. ಒಂದೊಂದೇ ನೋಡಿದ್ರೆ ಎಲ್ಲಾ ಸರಿ ಅನ್ನಿಸ್ತದೆ. ಆದ್ರೆ ಬಾಂಬ್ ಮಾಡೋನಿಗೆ ನಾಲ್ಕು ಸೆಲ್ಲು ಸಾಕು, ಅವನು ಹೇಗಾದ್ರೂ ಹೊಂಚಿಕೊಳ್ತಾನೆ. ಉಳಿದ ಲಕ್ಷ ಸೆಲ್ಲು ಬೇಕಾಗಿರೋದು ರಾತ್ರಿ ಹಾವು ನೋಡ್ಕೊಂಡು ಬಚ್ಚಲಿಗೆ ಹೋಗೋ ಅಜ್ಜಿಗೆ.

ಅಲ್ಲಿನ ರೈತನ ಕತೆ ನಮ್ಮ ಕಡೆಯವರಿಗೆ ಬೇಗ ಅರ್ಥ ಆಗ್ತದೆ. ಜಾಫ್ನಾದಲ್ಲಿ ನದಿ ಇಲ್ಲ. ಸುಣ್ಣಕಲ್ಲಿನ ನೆಲ, ಬಾವಿ ನೀರೇ ಗತಿ. ಆ ಬಾವಿಗಳ ಮೇಲೆ ಸೀಮೆಎಣ್ಣೆ ಪಂಪ್ ಇಟ್ಟು ಈರುಳ್ಳಿ, ಮೆಣಸಿನಕಾಯಿ, ಹೊಗೆಸೊಪ್ಪು ಬೆಳೀತಿದ್ರು. ಕೊಲಂಬೊದ ಮಾರ್ಕೆಟ್ಟಿಗೆ ಅದು ಹೋಗ್ತಿತ್ತು. ಸೀಮೆಎಣ್ಣೆ ತುಟ್ಟಿಯಾಗಿ, ಗೊಬ್ಬರ ನಿಂತು, ಮಾರೋಕೆ ರಸ್ತೆಯೂ ಇಲ್ಲ ಅಂದ್ರೆ? ನಮ್ಮಲ್ಲಿ ಏತ ಅಂತೀವಲ್ಲ, ಅದಕ್ಕೆ ಅವರು ತುಲಾ ಅಂತಾರೆ. ಪಂಪ್ ನಿಂತ ಮೇಲೆ ಉಳಿಯೋದು ತುಲಾ ಮತ್ತು ತೋಳು. ನಮ್ಮ ಸಾತನೂರು ಸುತ್ತ ರೇಷ್ಮೆ ಬೆಳೆಯೋರನ್ನ ಕೇಳಿ ನೋಡಿ. ಗೂಡು ಬಿಡಿಸಿದ ಮೇಲೆ ಇರೋದು ಕೆಲವೇ ದಿನ, ಅಷ್ಟರೊಳಗೆ ರಾಮನಗರದ ಮಾರ್ಕೆಟ್ ಸೇರದಿದ್ರೆ ಚಿಟ್ಟೆ ತೂತು ಕೊರೆದು ಆಚೆಗೆ ಬತ್ತದೆ, ಗೂಡು ನೂಲಿಗೆ ಬರಲ್ಲ. ಯಾರೋ ಒಬ್ಬ ಕನಕಪುರದ ಹತ್ತಿರ ಗೇಟ್ ಹಾಕಿ ಎರಡು ವಾರ ಇಟ್ಟ ಅಂದ್ಕೊಳ್ಳಿ. ಸಾಕು, ವರ್ಷದ ಸಾಲ ತಲೆ ಮೇಲೆ ಬತ್ತದೆ. ಅಲ್ಲಿ ಗೇಟ್ ಇದ್ದದ್ದು ಎರಡು ವಾರ ಅಲ್ಲ, ವರ್ಷಗಳು.

ಜನ ಸುಮ್ಮನೆ ಕೂರಲಿಲ್ಲ. ಖಾಲಿ ಜಾಮ್ ಬಾಟಲಿ ತಳಕ್ಕೆ ಒಸಿ ಹತ್ತಿ, ಅದು ನೆನೆಯೋವಷ್ಟೇ ಸೀಮೆಎಣ್ಣೆ, ಒಂದು ಸಣ್ಣ ಬತ್ತಿ. ಇದೇ ಜಾಮ್ ಬಾಟಲಿ ದೀಪ. ಒಂದು ತಲೆಮಾರಿನ ಮಕ್ಕಳು ಅದರ ಬೆಳಕಲ್ಲೇ ಓದಿ ಪರೀಕ್ಷೆ ಬರೆದ್ರು. ಸುದ್ದಿ ಬೇಕಲ್ಲಾ, ರೇಡಿಯೋಗೆ ಸೆಲ್ಲಿಲ್ಲ. ಸೈಕಲ್‌ಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಒಬ್ಬ ಪೆಡಲ್ ತುಳಿಯೋದು, ಡೈನಮೋದಿಂದ ಬಂದ ಕರೆಂಟಲ್ಲಿ ಉಳಿದವರು ಕೇಳೋದು. ತುಳಿಯೋನು ಸುಸ್ತಾದ್ರೆ ಸುದ್ದೀನೂ ನಿಂತೋಗೋದು. ಹಳೇ ಕಾರುಗಳನ್ನ ನಾಲ್ಕು ಹನಿ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ, ಆಮೇಲೆ ಸೀಮೆಎಣ್ಣೆಯಲ್ಲಿ ಓಡಿಸ್ತಿದ್ರು. ಅಲ್ಲಿನ ಉದಯನ್ ಪತ್ರಿಕೆಗೆ ನ್ಯೂಸ್‌ಪ್ರಿಂಟ್ ಬರೋದು ನಿಂತಾಗ ಸ್ಕೂಲ್ ನೋಟ್‌ಬುಕ್ ಹಾಳೆ ಮೇಲೂ ಪತ್ರಿಕೆ ಅಚ್ಚಾಯ್ತು. ಇವನ್ನ ಕೇಳಿ ಆಹಾ ಎಂಥಾ ಬುದ್ಧಿವಂತ ಜನ ಅಂತ ಹೊಗಳೋದು ಸುಲಭ. ನಾನು ಹೊಗಳಲ್ಲ. ಇನ್ಸುಲಿನ್‌ಗೆ ಬದಲಾಗಿ ಜಾಮ್ ಬಾಟಲಿ ಇಡೋಕೆ ಆಗಲ್ಲ.

ಔಷಧಿ ಹೋಗ್ತಾ ಇದ್ದದ್ದು ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಹಡಗಿನಲ್ಲಿ. ಎರಡೂ ಕಡೆಯವರು ಒಪ್ಪಿದ್ರೆ ಮಾತ್ರ ಅದು ಹೊರಡೋದು. ಜಾಫ್ನಾ ಆಸ್ಪತ್ರೆ ಸುತ್ತ ಯಾರೂ ಬಾಂಬ್ ಹಾಕಬಾರದು, ಯಾರೂ ಆಯುಧ ತರಬಾರದು ಅಂತ ರೆಡ್‌ಕ್ರಾಸ್‌ನವರು 1990ರ ಕೊನೆಯಲ್ಲಿ ಒಂದು ಸುರಕ್ಷಿತ ವಲಯ ಮಾಡಿಸಿದ್ರು.

ಇಲ್ಲೊಂದು ವಿಚಿತ್ರ ಇದೆ, ಕೇಳಿಸ್ಕೊಳ್ಳಿ. ಇಷ್ಟೆಲ್ಲಾ ನಡೀತಿದ್ದಾಗ್ಲೂ ಕೊಲಂಬೊ ಸರ್ಕಾರ ಜಾಫ್ನಾದ ಸರ್ಕಾರಿ ನೌಕರರಿಗೆ ಸಂಬಳ ಕಳಿಸ್ತಿತ್ತು. ಮೇಷ್ಟ್ರಿಗೆ, ಡಾಕ್ಟರಿಗೆ, ಕಚೇರಿ ಗುಮಾಸ್ತರಿಗೆ. ನಮ್ಮ ಜಿಲ್ಲಾಧಿಕಾರಿಗೆ ಸಮನಾದ ಗೌರ್ಮೆಂಟ್ ಏಜೆಂಟ್ ಕಚೇರಿ ಅಲ್ಲೇ ಕೆಲಸ ಮಾಡ್ತಿತ್ತು. ಪಡಿತರವೂ ಒಂದಷ್ಟು ಹೋಗ್ತಿತ್ತು. ಯಾಕೆ ಅಂದ್ರೆ, ಅವರೂ ನಮ್ಮ ಪ್ರಜೆಗಳೇ ಅಂತ ಸರ್ಕಾರ ಜಗತ್ತಿಗೆ ತೋರಿಸಬೇಕಿತ್ತು. ಒಂದು ಕೈಯಲ್ಲಿ ಸಂಬಳ, ಇನ್ನೊಂದು ಕೈಯಲ್ಲಿ ಆ ಸಂಬಳದಲ್ಲಿ ಏನು ಕೊಳ್ಳಬಾರದು ಅನ್ನೋ ಪಟ್ಟಿ.

ಹಾಗಂತ ಗೇಟಿಗೆ ಬೀಗ ಇದ್ದದ್ದು ಆಚೆ ಕಡೆಯಿಂದ ಮಾತ್ರ ಅಲ್ಲ. ಒಳಗಡೆಯಿಂದ್ಲೂ ಇತ್ತು. ಜಾಫ್ನಾ ಬಿಟ್ಟು ಹೋಗಬೇಕಾದ್ರೆ ಎಲ್‌ಟಿಟಿಇಯ ಪಾಸ್ ಬೇಕು, ಜಾಮೀನಿಗೆ ಮನೆಯವರು ಯಾರಾದ್ರೂ ನಿಲ್ಲಬೇಕು. ಒಳಗೆ ಬರೋ ಸರಕಿನ ಮೇಲೆ ಅವರ ತೆರಿಗೆ. ಕೊರತೆ ಇದ್ದಷ್ಟೂ ಸರಕು ಯಾರ ಕೈಯಲ್ಲಿ ಇದೆಯೋ ಅವರ ಮಾತು ನಡೀತದೆ. ದಿಗ್ಬಂಧನ ಎಲ್‌ಟಿಟಿಇನ ಉಪವಾಸ ಕೆಡವಲಿಲ್ಲ, ಅದಕ್ಕೆ ಜನರ ಮೇಲೆ ಇನ್ನೊಂದು ಹಿಡಿತ ಕೊಡ್ತು ಅಂತಲೇ ನನಗೆ ಅನ್ನಿಸ್ತದೆ. ಆಯುಧ ಅವರ ಸ್ವಂತ ಹಡಗುಗಳಲ್ಲಿ ಬರ್ತಾನೇ ಇತ್ತು.

ಇನ್ನೂ ಕೆಟ್ಟದ್ದು 1990ರ ಅಕ್ಟೋಬರ್‌ನಲ್ಲಿ ಆಯ್ತು. ಉತ್ತರ ಪ್ರಾಂತ್ಯದಲ್ಲಿ ತಲೆತಲಾಂತರದಿಂದ ಬಾಳಿದ್ದ, ತಮಿಳನ್ನೇ ಮಾತಾಡ್ತಿದ್ದ ಮುಸ್ಲಿಮರನ್ನ ಎಲ್‌ಟಿಟಿಇ ಓಡಿಸ್ತು. 70,000ಕ್ಕೂ ಹೆಚ್ಚು ಜನ. ಜಾಫ್ನಾ ಪಟ್ಟಣದವರಿಗೆ ಅಕ್ಟೋಬರ್ 30ರಂದು ಕೊಟ್ಟ ಟೈಮು ಎರಡು ಗಂಟೆ. ಮನೆ, ಅಂಗಡಿ, ಒಡವೆ ಎಲ್ಲಾ ಬಿಟ್ಟು ಹೋದ್ರು. ಬಹಳಷ್ಟು ಮಂದಿ ಪುತ್ತಳಂ ಕಡೆ ಗುಡಿಸಲು ಹಾಕ್ಕೊಂಡು ದಶಕಗಟ್ಟಲೆ ಅಲ್ಲೇ ಉಳಿದ್ರು. ಅಲ್ಪಸಂಖ್ಯಾತರ ಪರ ಹೋರಾಟ ಅಂತ ಹೇಳ್ಕೊಳ್ಳೋ ಸಂಘಟನೆ ತನಗಿಂತ ಸಣ್ಣ ಗುಂಪಿಗೆ ಮಾಡಿದ್ದು ಇದು. ಜಾಫ್ನಾದ ಕತೆ ಹೇಳೋರು ಈ ಪುಟನ ಹಾರಿಸಿದ್ರೆ ನಂಬಬೇಡಿ.

1994ರಲ್ಲಿ ಚಂದ್ರಿಕಾ ಕುಮಾರತುಂಗ ಅಧಿಕಾರಕ್ಕೆ ಬಂದ ಮೇಲೆ ಪಟ್ಟಿಯಿಂದ ಹಲವು ಸಾಮಾನು ತೆಗೆದ್ರು. 1995ರ ಜನವರಿಯಲ್ಲಿ ಕದನವಿರಾಮ. ಏಪ್ರಿಲ್‌ನಲ್ಲಿ ತ್ರಿಕೋನಮಲೆಯಲ್ಲಿ ಎಲ್‌ಟಿಟಿಇ ನೌಕಾಪಡೆಯ ಹಡಗುಗಳನ್ನ ಸಿಡಿಸಿ ಅದನ್ನ ಮುರೀತು. ಅಕ್ಟೋಬರ್ ಕೊನೆಗೆ ಸೇನೆ ಜಾಫ್ನಾ ಪಟ್ಟಣದ ಹತ್ತಿರಕ್ಕೆ ಬಂದಾಗ, ಎಲ್ಲಾರೂ ಊರು ಬಿಡಿ ಅಂತ ಎಲ್‌ಟಿಟಿಇ ಮೈಕ್‌ನಲ್ಲಿ ಕೂಗಿಸ್ತು. ಮಳೆ ರಾತ್ರಿ, ಲಕ್ಷಗಟ್ಟಲೆ ಜನ, ಮಕ್ಕಳು ಮುದುಕರು, ಕಿರಿದಾದ ರಸ್ತೆ ಮೇಲೆ ಸೈಕಲ್ ತಳ್ಳಿಕೊಂಡು ತೆನ್ಮರಾಚ್ಚಿ ಕಡೆ ನಡೆದ್ರು. ಡಿಸೆಂಬರ್‌ನಲ್ಲಿ ಸೇನೆ ಪಟ್ಟಣಕ್ಕೆ ಬಂದಾಗ ಅದು ಹೆಚ್ಚೂಕಮ್ಮಿ ಖಾಲಿ ಊರು.

2002ರ ಕದನವಿರಾಮದಲ್ಲಿ ಎ-9 ರಸ್ತೆ ತೆರೆದಿದ್ದು, 2006ರ ಆಗಸ್ಟ್‌ನಲ್ಲಿ ಮತ್ತೆ ಮುಚ್ಚಿದ್ದು, ಹಡಗಲ್ಲಿ ಬರೋ ಸಾಮಾನಿಗೆ ಜನ ಕ್ಯೂ ನಿಂತಿದ್ದು, ಇದನ್ನ ಬೇಗ ದಾಟ್ತೀನಿ. ಆಗ ಜಾಫ್ನಾ ಸರ್ಕಾರದ ಕೈಯಲ್ಲೇ ಇತ್ತು ಅನ್ನೋದೊಂದು ಗಮನದಲ್ಲಿರಲಿ. ಬಾವುಟ ಬದಲಾದ್ರೂ ಕುತ್ತಿಗೆ ಅದೇ.

2009ಕ್ಕೆ ಬರೋಣ. ಈ ಸಲ ಜಾಗ ಜಾಫ್ನಾ ಅಲ್ಲ, ಅದರ ದಕ್ಷಿಣಕ್ಕಿರೋ ವನ್ನಿ ಪ್ರದೇಶ. ಎಲ್‌ಟಿಟಿಇ ಸೋಲ್ತಾ ಸೋಲ್ತಾ ಹಿಂದಕ್ಕೆ ಹೋದಂಗೆಲ್ಲಾ ಜನಾನೂ ತನ್ನ ಜೊತೆಗೆ ಎಳ್ಕೊಂಡು ಹೋಯ್ತು. ಭದ್ರತೆ ಕೊಡೋಕೆ ಆಗಲ್ಲ, ಹೊರಡಿ ಅಂತ 2008ರ ಸೆಪ್ಟೆಂಬರ್‌ನಲ್ಲೇ ಸರ್ಕಾರ ವಿಶ್ವಸಂಸ್ಥೆ ಸಿಬ್ಬಂದಿಗೆ ಹೇಳಿತ್ತು. ಅವರು ಕಿಳಿನೊಚ್ಚಿ ಬಿಟ್ಟು ಹೋಗುವಾಗ ಜನ ಗೇಟಿನ ಮುಂದೆ ನಿಂತು, ಹೋಗಬೇಡಿ ಅಂತ ಬೇಡ್ಕೊಂಡ್ರು. ಆಮೇಲೆ ಜನವರಿವರೆಗೆ ಆಹಾರದ ಲಾರಿಗಳ ಸಾಲು ಹೋಗಿದ್ದು 11 ಸಲ. ಅಷ್ಟೇ.

ಒಳಗೆ ಎಷ್ಟು ಜನ ಇದ್ದಾರೆ? ಸರ್ಕಾರ ಹೇಳಿದ್ದು ಸುಮಾರು 70,000. ಅಲ್ಲೇ ಇದ್ದ ಸರ್ಕಾರದ್ದೇ ಸ್ಥಳೀಯ ಅಧಿಕಾರಿಗಳು ಕೊಡ್ತಿದ್ದ ಲೆಕ್ಕ ಮೂರು ಲಕ್ಷಕ್ಕೂ ಮೇಲೆ. ಯುದ್ಧ ಮುಗಿದಾಗ ಬದುಕಿ ಹೊರಗೆ ಬಂದು ಮೆನಿಕ್ ಫಾರ್ಮ್ ಮುಂತಾದ ಶಿಬಿರ ಸೇರಿದವರೇ 2,80,000ಕ್ಕೂ ಹೆಚ್ಚು. ಅಂದ್ರೆ 70,000 ಅನ್ನೋದು ಒಂದಕ್ಕೆ ನಾಲ್ಕರಷ್ಟು ತಪ್ಪು. ಇದು ಬರೀ ಅಂಕಿ ಜಗಳ ಅಲ್ಲ ಕಣ್ರಪ್ಪ. 70,000 ಜನ ಅಂದ್ರೆ 70,000 ಜನದ ಅಕ್ಕಿ ಮೂಟೆ, 70,000 ಜನದ ಅರಿವಳಿಕೆ ಔಷಧಿ, 70,000 ಜನದ ರಕ್ತದ ಚೀಲ. ಕಾಗದದ ಮೇಲೆ ಇಲ್ಲದವನಿಗೆ ಊಟ ಇಲ್ಲ. ನಮ್ಮೂರ ನ್ಯಾಯಬೆಲೆ ಅಂಗಡೀಲಿ ಕಾರ್ಡಿಂದ ಹೆಸರು ಡಿಲೀಟ್ ಆದ್ರೆ ಏನಾಗ್ತದೆ ಅಂತ ನಿಮಗೆ ಗೊತ್ತು. ಅಲ್ಲಿ ಎರಡು ಲಕ್ಷ ಹೆಸರು ಒಟ್ಟಿಗೆ ಡಿಲೀಟ್ ಆದಂಗಾಯ್ತು, ಶೆಲ್ ಬೀಳ್ತಾ ಇರೋ ಜಾಗದಲ್ಲಿ.

ಜನವರಿಯಲ್ಲಿ ಸರ್ಕಾರ ಒಂದಷ್ಟು ಜಾಗನ ಗುಂಡು ಹಾರಿಸದ ವಲಯ ಅಂತ ಘೋಷಣೆ ಮಾಡ್ತು. ಜನ ಅಲ್ಲಿಗೆ ಹೋಗಿ ಸೇರಿದ ಮೇಲೆ ಅಲ್ಲೂ ಶೆಲ್ ಬಿದ್ವು. ಫೆಬ್ರವರಿಯಲ್ಲಿ ಇನ್ನೊಂದು ವಲಯ, ಕಡಲ ಕಿನಾರೆಯ ಸಣ್ಣ ಮರಳು ಪಟ್ಟಿ. ಮೇ ತಿಂಗಳಲ್ಲಿ ಅದಕ್ಕಿಂತ ಸಣ್ಣದು, ಮುಳ್ಳಿವಾಯ್ಕಾಲ್. ತಪ್ಪಿಸಿಕೊಂಡು ಹೊರಗೆ ಓಡೋಕೆ ಹೋದೋರ ಮೇಲೆ ಎಲ್‌ಟಿಟಿಇ ಗುಂಡು ಹಾರಿಸ್ತು, ಮನೆಮನೆಯಿಂದ ಮಕ್ಕಳನ್ನ ಸೈನ್ಯಕ್ಕೆ ಎಳ್ಕೊಂಡು ಹೋಯ್ತು. ಇದನ್ನೂ ಅದನ್ನೂ ಎರಡನ್ನೂ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರ ವರದಿಯಲ್ಲಿ ಬರೆದಿದೆ. ಆ ಕೊನೆಯ ತಿಂಗಳುಗಳಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದು ಅನ್ನೋ ಅಂದಾಜನ್ನ ತಳ್ಳಿಹಾಕೋಕೆ ಆಗಲ್ಲ ಅಂತಲೂ ಅದು ಹೇಳ್ತು. ಶ್ರೀಲಂಕಾ ಸರ್ಕಾರ ಈ ಸಂಖ್ಯೆಯನ್ನ ಒಪ್ಪಲಿಲ್ಲ. 2012ರಲ್ಲಿ ವಿಶ್ವಸಂಸ್ಥೆ ತನ್ನನ್ನೇ ತನಿಖೆ ಮಾಡ್ಕೊಂಡು, ಜನರ ರಕ್ಷಣೆ ಮಾಡೋದ್ರಲ್ಲಿ ನಾವು ಸೋತಿದ್ದೇವೆ ಅಂತ ಒಪ್ಕೊಂಡಿತು.

ರೆಡ್‌ಕ್ರಾಸ್‌ನ ಗ್ರೀನ್ ಓಷನ್ ಅನ್ನೋ ಹಡಗು ಫೆಬ್ರವರಿಯಿಂದ ಪುದುಮಾತ್ತಳನ್ ಕಿನಾರೆಗೆ ಬಂದು ಗಾಯಾಳುಗಳನ್ನ ಸಾಗಿಸ್ತಿತ್ತು. ದಡಕ್ಕೆ ಬರೋಕೆ ಆಗದೆ ದೂರ ನಿಲ್ಲೋದು, ಮೀನುಗಾರರ ದೋಣೀಲಿ ಗಾಯಾಳುಗಳನ್ನ ಹಡಗಿಗೆ ಮುಟ್ಟಿಸೋರು. ಮಾರ್ಚ್‌ನಲ್ಲಿ ಭಾರತದ ವೈದ್ಯರ ತಂಡ ಪುಲ್ಮೋಡೈ ಅನ್ನೋ ಕಡೆ ತುರ್ತು ಆಸ್ಪತ್ರೆ ಹಾಕಿ ಅವರನ್ನ ನೋಡ್ಕೊಂಡಿತು. 1987ರಲ್ಲಿ ಆಕಾಶದಿಂದ ಮೂಟೆ ಹಾಕಿದ ದೇಶ, 2009ರಲ್ಲಿ ಇಷ್ಟಕ್ಕೆ ನಿಂತಿತು. ನಡುವೆ ಶ್ರೀಪೆರಂಬದೂರು ಇತ್ತು ಅನ್ನೋದನ್ನ ಮರೆಯೋ ಹಾಗಿಲ್ಲ. ಮೇ 19ರ ಹೊತ್ತಿಗೆ ಪ್ರಭಾಕರನ್ ಸತ್ತು, ಯುದ್ಧ ಮುಗಿದಿತ್ತು.

ಇದಕ್ಕೆಲ್ಲಾ ಕಾನೂನು ಇಲ್ವಾ ಅಂತ ನೀವು ಕೇಳಬಹುದು. ಇದೆ. ಶತ್ರು ಸೈನ್ಯನ ಸುತ್ತುವರಿಯೋದು ಅಪರಾಧ ಅಲ್ಲ. ನಾಗರಿಕರನ್ನ ಹಸಿವಿಗೆ ದೂಡೋದನ್ನೇ ಯುದ್ಧದ ವಿಧಾನ ಮಾಡ್ಕೊಳ್ಳೋದು ನಿಷಿದ್ಧ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಎರಡನೇ ಪ್ರೋಟೋಕಾಲ್ ಅಂತರ್ಯುದ್ಧಗಳಿಗೂ ಇದನ್ನ ಹೇಳಿದೆ. ಅದಕ್ಕೆ ಶ್ರೀಲಂಕಾ ಸೇರಿಲ್ಲ, ಭಾರತವೂ ಸೇರಿಲ್ಲ. 2018ರಲ್ಲಿ ಭದ್ರತಾ ಮಂಡಳಿ 2417ನೇ ನಿರ್ಣಯದಲ್ಲಿ ಹಸಿವನ್ನ ಆಯುಧ ಮಾಡೋದನ್ನ ಖಂಡಿಸ್ತು. ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಕಾನೂನಿಗೆ ಅಂತರ್ಯುದ್ಧದ ಹಸಿವನ್ನ ಯುದ್ಧಾಪರಾಧವಾಗಿ ಸೇರಿಸೋ ತಿದ್ದುಪಡಿ ಬಂದದ್ದು 2019ರಲ್ಲಿ. ವನ್ನಿಯವರಿಗೆ ಹತ್ತು ವರ್ಷ ತಡ.

ಅದಾದ ಮರುವರ್ಷವೇ, 2020ರ ನವೆಂಬರ್‌ನಲ್ಲಿ, ಇಥಿಯೋಪಿಯಾದ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಶುರುವಾಯ್ತು. ಸುಮಾರು 60 ಲಕ್ಷ ಜನ ಇರೋ ಸೀಮೆ. ಅಲ್ಲಿನ ಪಟ್ಟಿ ಬೇರೆ ತರ ಇತ್ತು. ಬ್ಯಾಂಕ್ ಬಂದ್. ಇಂಟರ್‌ನೆಟ್ ಬಂದ್. ಮೊಬೈಲ್ ಬಂದ್. ಕರೆಂಟ್ ಬಂದ್. ನಿಮ್ಮ ಅಕೌಂಟಲ್ಲಿ ದುಡ್ಡಿದೆ, ಆದ್ರೆ ತೆಗೆಯೋಕೆ ಆಗಲ್ಲ. ಅಕ್ಕ ಬೆಂಗಳೂರಲ್ಲಿ ಅವ್ಳೆ ಅಂದ್ಕೊಳ್ಳಿ, ಫೋನ್‌ಪೇ ಮಾಡೋಕೆ ಆಗಲ್ಲ, ನೀವು ಬದುಕಿದ್ದೀರಾ ಅಂತಾನೂ ಅವಳಿಗೆ ಗೊತ್ತಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅಲ್ಲಿಯವರೇ. ಊರಿನಲ್ಲಿರೋ ತಮ್ಮ ಬಂಧುಗಳಿಗೆ ದುಡ್ಡು ಕಳಿಸೋಕೆ ಆಗ್ತಿಲ್ಲ, ಮಾತಾಡೋಕೂ ಆಗ್ತಿಲ್ಲ ಅಂತ ಅಂಥವರೇ ಹೇಳಬೇಕಾಯ್ತು. 2022ರ ನವೆಂಬರ್ 2ರಂದು ಪ್ರಿಟೋರಿಯಾದಲ್ಲಿ ಒಪ್ಪಂದ ಆಗೋವರೆಗೂ ಹೀಗೇ. ಬ್ಯಾಟರಿ ಸೆಲ್ಲಿದ್ದ ಜಾಗದಲ್ಲಿ ಸಿಮ್ ಕಾರ್ಡ್ ಬಂದಿದೆ, ಪಟ್ಟಿ ಅದೇ.

ಮತ್ತೆ ಮುಳ್ಳಿವಾಯ್ಕಾಲ್‌ಗೆ ಬರ್ತೀನಿ. ಆ ಮರಳಿನ ಮೇಲೆ ಕೊನೇ ದಿನಗಳಲ್ಲಿ ಜನಕ್ಕೆ ಸಿಗ್ತಾ ಇದ್ದದ್ದು ಗಂಜಿ. ಒಂದು ಹಿಡಿ ಅಕ್ಕಿ, ಪಾತ್ರೆ ತುಂಬಾ ನೀರು, ಉಪ್ಪು. ತೆಂಗಿನಕಾಯಿ ಸಿಕ್ಕಿದ್ರೆ ಹಾಲು ಹಿಂಡೋರು, ಸಿಗದಿದ್ರೆ ಇಲ್ಲ. ಅದರ ಕ್ಯೂ ಮೇಲೂ ಶೆಲ್ ಬಿದ್ದದ್ದುಂಟು. ಈಗ ಪ್ರತಿ ವರ್ಷ ಮೇ 18ಕ್ಕೆ ಮುಂಚಿನ ವಾರ ಉತ್ತರ ಮತ್ತು ಪೂರ್ವ ಪ್ರಾಂತ್ಯದ ತಮಿಳರು ಅದೇ ಗಂಜಿ ಕಾಯಿಸಿ, ತೆಂಗಿನ ಚಿಪ್ಪಿನಲ್ಲಿ ಹಂಚ್ತಾರೆ. ರುಚಿಗೆ ಏನೂ ಸೇರಿಸಲ್ಲ, ಬೇಕೂಂತಲೇ. ಆವತ್ತು ಹುಟ್ಟಿರದ ಮಕ್ಕಳೂ ಒಂದು ಗುಟುಕು ಕುಡೀತಾರೆ.

2024ರ ಮೇ ತಿಂಗಳಲ್ಲಿ ತ್ರಿಕೋನಮಲೆ ಜಿಲ್ಲೆಯ ಸಂಪೂರಿನಲ್ಲಿ ಈ ಗಂಜಿ ಹಂಚಿದ್ದಕ್ಕೆ ನಾಲ್ಕು ಜನರನ್ನ ಪೊಲೀಸರು ಬಂಧಿಸಿದ್ರು. ಅದರಲ್ಲಿ ಮೂರು ಜನ ಹೆಂಗಸರು.